ಹೆಬ್ಬೆರಳು ಇರಬೇಕಾದ ಕಡೆ

ಆ ಕೈಯನ್ನು ಹೆಡ್ ಕಾನ್‌ಸ್ಟೇಬಲ್ ಯೂರಿಯಾ ಚೀಲದ ತುಂಡಿನಲ್ಲಿ ಸುತ್ತಿ ತಂದಿದ್ದರು. ಸೋಮವಾರ, ಹೊರರೋಗಿಗಳ ಸಾಲು ಇನ್ನೂ ಕರಗಿರಲಿಲ್ಲ. ಆಸ್ಪತ್ರೆಯ ಹಿಂಭಾಗದ ಶವಾಗಾರದ ಕಲ್ಲಿನ ಮೇಲೆ ಅವರು ಚೀಲ ಬಿಚ್ಚಿದಾಗ ಒಣಗಿ ಕಪ್ಪಾದ ಮಾಂಸ, ಅಲ್ಲಲ್ಲಿ ಅಂಟಿಕೊಂಡ ನರ, ಸಾಲಾಗಿ ಐದು ಬೆರಳು ಕಂಡವು. ಬೆರಳುಗಳ ತುದಿ ಇರಲಿಲ್ಲ. ಮಣಿಕಟ್ಟಿನಿಂದ ಮೇಲೆ ಏನೂ ಇರಲಿಲ್ಲ.

"ಆಡು ಕಾಯೋರಿಗೆ ಸಿಕ್ಕೈತ್ರಿ ಮೇಡಂ, ಗುಡ್ಡದ ಬುಡದಾಗ. ಬಲಗೈ. ಮನುಷ್ಯಂದು ಹೌದೋ ಅಲ್ಲೋ ಅಂತ ನೀವು ಒಂದು ಕಾಗದ ಕೊಟ್ಟುಬಿಟ್ರ ಸಾಕ್ರಿ," ಎಂದರು.

ಯಾರದ್ದಿರಬಹುದು ಎಂದು ಅವರು ಆಗಲೇ ತೀರ್ಮಾನಿಸಿದ್ದರು. ಎಂಟು ತಿಂಗಳ ಹಿಂದೆ, ಸೀತಾಫಲದ ಕಾಲದಲ್ಲಿ, ಹಣ್ಣು ಕೀಳಲು ಬೆಳಿಗ್ಗೆ ಗುಡ್ಡಕ್ಕೆ ಹೋದ ಒಬ್ಬ ಮನುಷ್ಯ ಮರಳಿ ಬಂದಿರಲಿಲ್ಲ. ಅವನ ಸೈಕಲ್ಲು ಬುಡದ ಬಂಡೆಗೆ ಒರಗಿಸಿದಂತೆಯೇ ಸಿಕ್ಕಿತ್ತು. ಆ ಗುಡ್ಡದಲ್ಲಿ ಕರಡಿಗಳಿವೆ, ಹಣ್ಣಿನ ಕಾಲದಲ್ಲಿ ಕೆಳಗೂ ಇಳಿಯುತ್ತವೆ. ಕರಡಿ ಎಳೆದೊಯ್ದಿರಬೇಕೆಂದು ಊರೆಲ್ಲ ಮಾತಾಡಿತ್ತು. ಮೂರು ದಿನ ಹುಡುಕಿ ಬಿಟ್ಟಿದ್ದರು. ಕಾಣೆಯಾದವರ ದೂರು ಠಾಣೆಯಲ್ಲಿ ಹಾಗೆಯೇ ಉಳಿದಿತ್ತು.

ಅವನ ಹೆಂಡತಿಯೂ ಜೊತೆಗೆ ಬಂದಿದ್ದಳು. ಇಲ್ಲೇ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಒಂದು ಶೆಡ್ಡಿನಲ್ಲಿ ಕೆಲಸ. ವಯಸ್ಸು ಮೂವತ್ತರ ಮೇಲಿರಬಹುದು. ಒಳಗೆ ಬಂದವಳು ಸೆರಗಿನಿಂದ ಮೂಗು ಮುಚ್ಚಿಕೊಳ್ಳಲಿಲ್ಲ, ನೇರ ಕಲ್ಲಿನ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ನಮ್ಮನೆಯವ್ರದೇ ಕಣಮ್ಮ. ಉಂಗುರದ ಬೆರಳು ನೋಡಿ, ಸೊಟ್ಟಗೈತೆ. ಕಡ್ಲೆಕಾಯಿ ಮಿಷಿನ್ನಿಗೆ ಸಿಗಾಕ್ಕಂಡು ಮುರಿದಿತ್ತು."

ಮಾತು ಕೇಳಿದೊಡನೆ ನಮ್ಮ ಕಡೆಯವಳೆಂದು ಗೊತ್ತಾಯಿತು. ನನ್ನದು ಅಮರಾಪುರದ ಹತ್ತಿರದ ಹಳ್ಳಿ. ಅವಳದು ರೊಳ್ಳದ ಕಡೆ. ಎರಡೂ ಮಡಕಶಿರಾ ಸೀಮೆಯವು.

"ಯಾವಾಗ ಮುರಿದಿದ್ದಮ್ಮ?" ಎಂದೆ.

"ನಾಕ್ ವರ್ಸ ಆಯ್ತು. ಪಟ್ಟು ಹಾಕಿಸಿದ್ವಿ, ನೆಟ್ಟಗೆ ಕೂಡ್ಲಿಲ್ಲ." ಅಷ್ಟು ಹೇಳಿ ನನ್ನ ಮುಖ ನೋಡಿದಳು. "ನೀವು ಮಡಕಶಿರಾ ಕಡೆಯವ್ರಾ? ಹಂಗಾದ್ರೆ ಒಳ್ಳೇದಾಯ್ತು ಬಿಡಿ."

ಏನು ಒಳ್ಳೆಯದಾಯಿತೋ ನನಗೆ ಆಗ ಅರ್ಥವಾಗಲಿಲ್ಲ.

ಆಸ್ಪತ್ರೆಗೆ ಬರುವ ಮೊದಲು ನಾನು ಮೂರು ವರ್ಷ ಒಂದು ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಸಿದ್ದೆ. ಕೈಯೇ ನನ್ನ ಪಾಠ. ಮಣಿಕಟ್ಟಿನಲ್ಲಿ ಎಂಟು, ಅಂಗೈಯಲ್ಲಿ ಐದು, ಬೆರಳುಗಳಲ್ಲಿ ಹದಿನಾಲ್ಕು, ಒಟ್ಟು ಇಪ್ಪತ್ತೇಳು ಮೂಳೆ. ಕಣ್ಣು ಮುಚ್ಚಿ ಒಂದೊಂದನ್ನೂ ಬೆರಳಿನಿಂದ ಮುಟ್ಟಿ ಯಾವುದೆಂದು ಹೇಳಲು ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದೆ. ಆದರೆ ಅವೆಲ್ಲ ತೊಳೆದು ಒಣಗಿಸಿದ ಬಿಳಿ ಮೂಳೆಗಳು. ಹೀಗೆ ಒಣಮಾಂಸ ಮೆತ್ತಿಕೊಂಡು ಬಂದದ್ದನ್ನು ನೋಡಿದ್ದು ಅದೇ ಮೊದಲು.

ಮೊದಲು ಎಕ್ಸ್‌ರೇ ತೆಗೆಸಿದೆ. ತಂತ್ರಜ್ಞ ಬಹಳ ವರ್ಷದ ಅನುಭವಸ್ಥ. ಪರದೆಯ ಮೇಲೆ ಚಿತ್ರ ಬಂದದ್ದೇ, "ಮನುಷ್ಯನ ಕೈನ ಐತ್ರಿ ಮೇಡಂ, ನೋಡ್ರಿ ಎಷ್ಟು ಚೆಂದ ಬಂದೈತಿ," ಎಂದರು. ಯಾರು ನೋಡಿದರೂ ಹಾಗೆಯೇ ಹೇಳುತ್ತಿದ್ದರು. ಒಂದು ಅಂಚಿನಲ್ಲಿ ದಪ್ಪ ಬೆರಳು, ಅದರಲ್ಲಿ ಎರಡೇ ಗೆಣ್ಣು, ಹೆಬ್ಬೆರಳಿನ ಹಾಗೆ. ಇನ್ನೊಂದು ಅಂಚಿನಲ್ಲಿ ತೆಳ್ಳಗಿನ ಗಿಡ್ಡ ಬೆರಳು, ಕಿರುಬೆರಳಿನ ಹಾಗೆ. ಉಳಿದವುಗಳಲ್ಲಿ ತುದಿಯ ಗೆಣ್ಣು ಇಲ್ಲದ್ದಕ್ಕೆ ನರಿ ಕಚ್ಚಿತು ಎನ್ನಬಹುದಿತ್ತು.

ನನ್ನ ಕಣ್ಣು ನಿಂತದ್ದು ಹೆಬ್ಬೆರಳಿನ ಬುಡದಲ್ಲಿ. ನಮ್ಮ ಕೈಯಲ್ಲಿ ಹೆಬ್ಬೆರಳಿನ ಅಂಗೈಮೂಳೆ ಗಿಡ್ಡ, ಉಳಿದ ನಾಲ್ಕರ ಸಾಲು ಬಿಟ್ಟು ಓರೆಯಾಗಿ ನಿಲ್ಲುತ್ತದೆ. ಹಾಗೆ ನಿಲ್ಲುವುದರಿಂದಲೇ ಅದು ಉಳಿದ ಬೆರಳುಗಳ ಎದುರಿಗೆ ಬರುತ್ತದೆ, ಸೂಜಿ ಹಿಡಿಯುತ್ತದೆ, ಮುದ್ದೆ ಮುರಿಯುತ್ತದೆ. ಈ ಚಿತ್ರದಲ್ಲಿ ಆ ಮೂಳೆ ಉಳಿದವುಗಳಷ್ಟೇ ಉದ್ದವಾಗಿತ್ತು, ಅವುಗಳ ಸಾಲಿನಲ್ಲೇ ನೆಟ್ಟಗೆ ನಿಂತಿತ್ತು. ಇನ್ನೊಂದು ಮಾತು. ಸೊಟ್ಟಗಿದ್ದ ಆ ಬೆರಳಿನ ಮೂಳೆಯಲ್ಲಿ ಮುರಿದು ಕೂಡಿದ ಗುರುತೇ ಇರಲಿಲ್ಲ. ಒಣಗುವಾಗ ನರ ಎಳೆದು ಬೆರಳು ಬಾಗಿತ್ತು, ಅಷ್ಟೇ.

ಕಾಲೇಜಿನ ದಿನಗಳಲ್ಲಿ ನನ್ನ ಹಿರಿಯ ಪ್ರಾಧ್ಯಾಪಕರು ಪಾಠದ ನಡುವೆ ಒಂದು ಮಾತು ಹೇಳುತ್ತಿದ್ದರು: ಚರ್ಮ ಸುಲಿದು ಉಗುರು ತೆಗೆದ ಕರಡಿಯ ಮುಂಗಾಲು ಪೊಲೀಸರನ್ನಷ್ಟೇ ಅಲ್ಲ, ವೈದ್ಯರನ್ನೂ ಮೋಸಗೊಳಿಸುತ್ತದೆ. ಚರ್ಮ ಸುಲಿಯುವವರು ಉಗುರಿನ ಜೊತೆಗೆ ತುದಿಯ ಗೆಣ್ಣನ್ನೂ ಕತ್ತರಿಸಿಕೊಳ್ಳುತ್ತಾರೆ. ಉಳಿದದ್ದು ಕೈಯಂತೆಯೇ ಕಾಣುತ್ತದೆ.

ಅವರಿಗೆ ಫೋನು ಮಾಡಿದೆ, ಚಿತ್ರ ಕಳಿಸಿದೆ. ಅವರು ಬಹಳ ಹೊತ್ತು ನೋಡಿ, "ನಿನಗೆ ಅನಿಸಿದ್ದೇ ನನಗೂ ಅನಿಸ್ತಿದೆ. ಆದರೆ ಒಂದು ಎಕ್ಸ್‌ರೇ ನೋಡಿ ಬಾಯಿ ಬಿಡಬೇಡ. ಮೂಳೆ ಬಿಡಿಸಿ, ತೊಳೆದು, ಜೋಡಿಸಿ ನೋಡು. ಆಮೇಲೆ ಹೇಳು," ಎಂದರು.

ಸರಿಯಾದ ಮಾತು. ನಾನೂ ವಿದ್ಯಾರ್ಥಿಗಳಿಗೆ ಅದನ್ನೇ ಹೇಳುತ್ತಿದ್ದೆ. ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ ಅವಳ ಹತ್ತಿರ ಬಂದು, "ಇನ್ನೂ ನೋಡ್ಬೇಕಮ್ಮ. ಟೈಮ್ ಹಿಡಿಯುತ್ತೆ," ಎಂದೆ.

"ಅವ್ರದೇ ತಾನೇ?" ಎಂದಳು.

"ನೋಡ್ಬೇಕು," ಎಂದೆ ಮತ್ತೆ.

ಅವಳು ಅದನ್ನು ಹೌದು ಎಂದೇ ತಿಳಿದುಕೊಂಡಳು. ತಿಳಿದುಕೊಂಡದ್ದು ನನಗೆ ಕಂಡಿತು. ತಿದ್ದಲಿಲ್ಲ.

ಮೂಳೆ ಬಿಡಿಸುವುದು ಅವಸರದ ಕೆಲಸವಲ್ಲ. ಕುದಿಸಿದರೆ ಮೂಳೆಯ ಮೇಲ್ಮೈ ಕೆಡುತ್ತದೆ, ಕೀಲಿನ ನುಣುಪು ಹೋಗುತ್ತದೆ. ಬೆಚ್ಚಗಿನ ನೀರಿನಲ್ಲಿ ಬಟ್ಟೆ ಸೋಪಿನ ಪುಡಿ ಹಾಕಿ ನೆನೆಸಿಡಬೇಕು. ದಿನಾ ನೀರು ಬದಲಿಸಬೇಕು. ಬದಲಿಸುವಾಗ ಆ ನೀರನ್ನು ಬಟ್ಟೆಯಲ್ಲಿ ಸೋಸಬೇಕು, ಯಾಕೆಂದರೆ ಮಣಿಕಟ್ಟಿನ ಮೂಳೆಗಳಲ್ಲಿ ಕೆಲವು ಕಡಲೆಬೀಜದಷ್ಟೇ ಇರುತ್ತವೆ. ಶವಾಗಾರದ ಸಹಾಯಕನಿಗೆ ಇದನ್ನೆಲ್ಲ ವಿವರಿಸಿ, ಹಳೆಯದೊಂದು ಸ್ಟೀಲ್ ಡಬರಿಯಲ್ಲಿ ಮಂಗಳವಾರ ನೆನೆಹಾಕಿದೆ. ಆತ ನನಗಿಂತ ಹದಿನೈದು ವರ್ಷ ದೊಡ್ಡವನು. ಎಷ್ಟೋ ಶವ ಕಂಡವನು. "ಇದೊಂದು ಕೈಗೆ ಇಷ್ಟು ಉಪಚಾರ ಯಾಕ್ರಿ ಅಮ್ಮಾ?" ಎಂದು ನಕ್ಕ.

ಬುಧವಾರದಿಂದ ಮೂರು ದಿನ ನನಗೆ ಕಣೇಕಲ್ಲಿನ ಕಡೆ ಹಳ್ಳಿಗಳ ಕ್ಯಾಂಪ್ ಬಿತ್ತು. ಬಿಪಿ ನೋಡು, ಶುಗರ್ ನೋಡು, ಮಾತ್ರೆ ಬರೆ. ಕೆರೆ ಏರಿಯ ಮೇಲೆ ಜೀಪು ಹೋಗುವಾಗ ಆಚೆ ಈಚೆ ನಾಟಿ ಮಾಡುವ ಹೆಂಗಸರು ಕಾಣುತ್ತಿದ್ದರು. ಸಸಿಯನ್ನು ಹೆಬ್ಬೆರಳಿನಿಂದ ಒತ್ತಿ ಕೆಸರಿಗೆ ಊರುತ್ತಿದ್ದರು. ಹೇಳಿಬಿಡಬೇಕಿತ್ತು ಎಂದು ಒಂದು ಸಲ ಅನಿಸಿತು. ಅವಳ ನಂಬರು ಹೆಡ್ ಕಾನ್‌ಸ್ಟೇಬಲ್ ಹತ್ತಿರ ಇತ್ತು. ಅನುಮಾನವನ್ನು ಹೇಳಿ, ನಾಳೆ ಅದು ತಪ್ಪಾದರೆ? ತಿಂಗಳಾನುಗಟ್ಟಲೆ ಕಾದವಳಿಗೆ ಇಲ್ಲದ ಆಸೆ ತೋರಿಸಿದಂತಾಗುತ್ತದೆ ಎಂದು ಸುಮ್ಮನಾದೆ. ಈಗ ಯೋಚಿಸಿದರೆ, ನಾನು ಹೆದರಿದ್ದು ನನ್ನ ಮಾತು ತಪ್ಪಾದೀತೆಂದು.

ಶನಿವಾರ ವಾಪಸು ಬಂದಾಗ ಸಹಾಯಕ ಬಾಗಿಲಲ್ಲೇ ನಿಂತಿದ್ದ. ಮುಖ ಸಣ್ಣದಾಗಿತ್ತು.

"ಅಮ್ಮಾ, ತಪ್ಪಾತ್ರಿ. ನಿನ್ನೆ ನೀರು ಚೆಲ್ಲುವಾಗ ಸೋಸೋದು ಮರ್ತೆ."

ನಾಲ್ಕು ಸಣ್ಣ ಮೂಳೆ ಕೊಚ್ಚಿಹೋಗಿದ್ದವು. ಇಬ್ಬರೂ ಮೊಣಕಾಲೂರಿ ಚರಂಡಿಯ ಕೆಸರನ್ನು ಅಂಗೈಯಲ್ಲಿ ತೆಗೆದು ಜರಡಿಗೆ ಹಾಕಿ ತೊಳೆದೆವು. ಮಧ್ಯಾಹ್ನದವರೆಗೆ ಹುಡುಕಿ ಮೂರು ಮೂಳೆ ಸಿಕ್ಕವು. ನಾಲ್ಕನೆಯದು ಸಿಗಲೇ ಇಲ್ಲ. ಸಿಗದೆ ಹೋದದ್ದು ನನಗೆ ಎಲ್ಲಕ್ಕಿಂತ ಬೇಕಾಗಿದ್ದ ಮೂಳೆ: ಹೆಬ್ಬೆರಳು ಕೂರುವ ಪೀಠದ ಮೂಳೆ. ಮನುಷ್ಯನಲ್ಲಿ ಅದರ ಮೇಲ್ಮೈ ಕುದುರೆಯ ಜೀನಿನಂತೆ ಎರಡು ಕಡೆಗೆ ಬಾಗಿರುತ್ತದೆ. ಹೆಬ್ಬೆರಳು ಅದರ ಮೇಲೆ ಸವಾರನಂತೆ ಕೂತು ಮುಂದಕ್ಕೂ ಪಕ್ಕಕ್ಕೂ ಹೊರಳುತ್ತದೆ. ಆ ಒಂದು ಮೂಳೆ ಕೈಯಲ್ಲಿದ್ದರೆ ಬೇರೆ ಮಾತೇ ಬೇಕಿರಲಿಲ್ಲ. ಈಗ ಮಣಿಕಟ್ಟಿನ ಮೂಳೆಗಳ ಲೆಕ್ಕವೂ ಅಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ಕಡಿಮೆ ಇದ್ದರೆ ಕಳೆದುಹೋಗಿವೆ ಎಂದು ಯಾರಾದರೂ ಹೇಳಬಹುದು.

ಸಹಾಯಕನನ್ನು ಬಯ್ಯಲು ಬಾಯಿ ಬರಲಿಲ್ಲ. ನೀರು ಬದಲಿಸಲು ನಾನೇ ಇರಬೇಕಿತ್ತು. ಮತ್ತೆ ನೀರು ಕಾಯಿಸಿದೆವು. ಬಿಡದೆ ಅಂಟಿಕೊಂಡಿದ್ದ ನರಗಳನ್ನು ಚಿಮುಟದಿಂದ ಒಂದೊಂದಾಗಿ ಬಿಡಿಸಿದೆ.

ಮುಂದಿನ ಬುಧವಾರ ಬೆಳಿಗ್ಗೆ ಮೂಳೆಗಳು ಒಣಗಿದವು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಜೋಡಿಸುತ್ತಾ ಹೋದೆ. ಐದು ಅಂಗೈಮೂಳೆ. ದಪ್ಪನೆಯದು ಹೊರಬದಿಗೆ ಹೋಗಿ ಕೂತಿತು, ಕಿರುಬೆರಳು ಇರಬೇಕಾದ ಕಡೆಗೆ. ಹೆಬ್ಬೆರಳು ಇರಬೇಕಾದ ಕಡೆಗೆ ಬಂದದ್ದು ಎಲ್ಲಕ್ಕಿಂತ ತೆಳ್ಳನೆಯ ಮೂಳೆ. ಪೊಲೀಸರು ಬಲಗೈ ಎಂದದ್ದು ಎಡ ಮುಂಗಾಲು. ಪ್ರತಿ ಅಂಗೈಮೂಳೆಯ ಗುಂಡು ತುದಿಯ ನಡುವೆ ಒಂದು ಏಣು ಎದ್ದಿತ್ತು. ನಮ್ಮಲ್ಲಿ ಆ ತುದಿ ನುಣ್ಣಗಿರುತ್ತದೆ, ಅದಕ್ಕೇ ನಾವು ಬೆರಳುಗಳನ್ನು ಅಗಲಿಸಬಲ್ಲೆವು. ಏಣು ಇದ್ದರೆ ಬೆರಳು ಹಳಿಯ ಮೇಲಿನ ಗಾಲಿಯಂತೆ ಹಿಂದೆ ಮುಂದೆ ಮಾತ್ರ ಹೋಗುತ್ತದೆ. ಮಣಿಕಟ್ಟಿನಲ್ಲಿ ನಮಗೆ ಎರಡಾಗಿರುವ ಮೂಳೆಗಳು ಇಲ್ಲಿ ಒಂದೇ ದೊಡ್ಡ ಮೂಳೆಯಾಗಿ ಬೆಸೆದಿದ್ದವು. ನಮ್ಮಲ್ಲಿ ಬಟಾಣಿಯಷ್ಟಿರುವ ಮೂಳೆ ಇಲ್ಲಿ ಹಿಮ್ಮಡಿಯಂತೆ ಹಿಂದಕ್ಕೆ ಚಾಚಿಕೊಂಡಿತ್ತು. ಕಳೆದುಹೋದ ಮೂಳೆಯ ಅಗತ್ಯವೇ ಉಳಿದಿರಲಿಲ್ಲ.

ಕರಡಿ. ಅನುಮಾನಕ್ಕೆ ಎಡೆಯೇ ಇಲ್ಲ. ಖುಷಿಯಾಯಿತೆಂದು ಹೇಳಲು ನಾಚಿಕೆ, ಆದರೆ ಆ ಗಳಿಗೆಯಲ್ಲಿ ಖುಷಿಯೇ ಆಯಿತು. ಒಂಬತ್ತು ದಿನದ ಹಿಂದೆ ನನ್ನ ಕಣ್ಣು ಸರಿಯಾಗಿಯೇ ನೋಡಿತ್ತು.

ಅದೇ ಹೊತ್ತಿಗೆ ಹೊರಗೆ ಆಟೋ ನಿಂತಿತು. ಹೆಡ್ ಕಾನ್‌ಸ್ಟೇಬಲ್ ಮುಂದೆ, ಹಿಂದೆ ಅವಳು, ಅವಳ ಹಿಂದೆ ಒಬ್ಬ ಮುದುಕಿ. ಅಂದು ಬಂದಿದ್ದ ಹೆಂಗಸಿನ ಹಣೆಯಲ್ಲಿ ಈಗ ಕುಂಕುಮ ಇರಲಿಲ್ಲ. ಕೈಯಲ್ಲಿ ಬಳೆ ಇರಲಿಲ್ಲ. ಕುತ್ತಿಗೆಯಲ್ಲಿ ತಾಳಿ ಇದ್ದ ಕಡೆ ಒಂದು ಬಿಳಿಚಿದ ಗೆರೆ ಮಾತ್ರ ಇತ್ತು.

ಕುರ್ಚಿಯಿಂದ ಎದ್ದವಳು ಹಾಗೆಯೇ ನಿಂತೆ. "ಏನಮ್ಮ ಇದು?"

"ಕಾರ್ಯ ಮುಗೀತು ಕಣಮ್ಮ," ಎಂದಳು. "ಊರಿಂದ ಬಂದು ಕರ್ಕಂಡೋದ್ರು. ಎಂಟ್ ತಿಂಗ್ಳಾಗೈತೆ, ಇನ್ನ ಹನ್ನೊಂದ್ ದಿನ ಯಾಕೆ ಕಾಯ್ಬೇಕು ಅಂದ್ರು. ಅವ್ರ ಪಂಚೆ, ಅಂಗಿ, ಕೆರ ಇಟ್ಟು ಮಣ್ ಮಾಡಿದ್ರು. ಐದ್ನೇ ದಿನಕ್ಕೇ ಎಲ್ಲ ಆಯ್ತು."

ಹೆಡ್ ಕಾನ್‌ಸ್ಟೇಬಲ್‌ರ ಕಡೆ ನೋಡಿದೆ.

"ನಾನ ಹೇಳಿದ್ದೆ ಮೇಡಂ," ಎಂದರು ಅವರು. "ಕೈ ಅವಂದ ಐತಿ, ಡಾಕ್ಟರ್ ಕಾಗದ ಒಂದು ಬಾಕಿ ಅಂತ. ನೀವೂ ಏನೂ ಬ್ಯಾಡ ಅನ್ಲಿಲ್ಲಲ್ರಿ."

ಮುದುಕಿ ಕಾಣೆಯಾದವನ ತಾಯಿ. ಬಾಗಿಲ ಹೊರಗೇ ಕೂತು, "ಕೈ ಕೊಟ್ಬಿಡವ್ವ. ಅಂಗಿ ಹೂತಿದ್ ತಾವೇ ಹೂಳ್ತೀವಿ. ಬಸ್ಸಿಗೆ ಹೊತ್ತಾಗುತ್ತೆ," ಎಂದಳು. ಅವಳ ಮಡಿಲಲ್ಲಿ ಒಂದು ಹೊಸ ಬಿಳಿ ಬಟ್ಟೆ ಇತ್ತು.

ನಾನು ಹೆಡ್ ಕಾನ್‌ಸ್ಟೇಬಲ್‌ರನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಕೆಟ್ಟ ಮನುಷ್ಯನಲ್ಲ. ಎಂಟು ತಿಂಗಳು ಅವಳು ಠಾಣೆಯ ಮೆಟ್ಟಿಲ ಮೇಲೆ ಕೂತದ್ದನ್ನು ನೋಡಿದವರು.

"ಮೇಡಂ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಮನುಷ್ಯ ಇನ್ನ ಬರಂಗಿಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಮನುಷ್ಯಂದು ಅಂತ ಬರೀಬ್ಯಾಡ್ರಿ, ಕರಡೀದು ಅಂತಾನೂ ಬರೀಬ್ಯಾಡ್ರಿ. 'ಹೇಳಾಕ ಆಗಂಗಿಲ್ಲ' ಅಂತ ಬರ್ದು ಲ್ಯಾಬಿಗೆ ಕಳಿಸ್ರಿ. ವರದಿ ಬರೋದ್ರಾಗ ಎಷ್ಟು ತಿಂಗಳಾಗತೈತೋ. ಅಷ್ಟರಾಗ ಈ ಹೆಣ್ಮಗಳು ಹೆಂಗೋ ನೆಲೆ ಹತ್ತತಾಳ."

ನಾನು ಪೆನ್ನು ತೆಗೆದುಕೊಂಡೆ. ಅವರು ಹೇಳಿದ್ದು ಸುಲಭವಾಗಿತ್ತು. ಒಂದು ಮೂಳೆ ಕಳೆದುಹೋಗಿದೆ ಎಂಬ ನೆಪವೂ ಇತ್ತು. ಇಂಗ್ಲಿಷಿನಲ್ಲಿ ಎರಡು ಸಾಲು ಬರೆದರೆ ಮುಗಿಯುತ್ತಿತ್ತು. ಆಮೇಲೆ ಆ ಮುದುಕಿಯ ಮಡಿಲಿನ ಬಟ್ಟೆ ಕಣ್ಣಿಗೆ ಬಿತ್ತು. ಪೆನ್ನು ಇಟ್ಟು ಸೊಸೆಯೊಬ್ಬಳನ್ನೇ ಒಳಗೆ ಕರೆದೆ.

"ಕೂತ್ಕಳಮ್ಮ. ನಿನ್ ಬಲಗೈ ಈ ಬಟ್ಟೆ ಮೇಲಿಡು. ಬೆರಳು ಅಗಲಿಸು."

ಅವಳು ಇಟ್ಟಳು. ಜೀನ್ಸಿನ ನೀಲಿ ಉಗುರಿನ ಸಂದುಗಳಲ್ಲಿ ಇನ್ನೂ ಇತ್ತು. ಮೂಳೆಗಳ ಪಕ್ಕದಲ್ಲಿ ಆ ಕೈ ಬಹಳ ಚಿಕ್ಕದಾಗಿ ಕಂಡಿತು. ನಾನು ಏನೂ ವಿವರಿಸಲಿಲ್ಲ. ಅವಳ ಹೆಬ್ಬೆರಳನ್ನು ಮುಟ್ಟಿದೆ, ಆಮೇಲೆ ಆ ಕಡೆಯ ತೆಳ್ಳನೆಯ ಮೂಳೆಯನ್ನು ಮುಟ್ಟಿದೆ. ಅವಳ ಕಿರುಬೆರಳನ್ನು ಮುಟ್ಟಿ, ದಪ್ಪನೆಯ ಮೂಳೆಯನ್ನು ತೋರಿಸಿದೆ.

ಬಟ್ಟೆ ಕತ್ತರಿಸಿ, ಎಡ ಬಲ ಹೊಂದಿಸಿ ಹೊಲಿಯುವವಳು ಅವಳು. ಹೆಚ್ಚು ಹೊತ್ತು ಬೇಕಾಗಲಿಲ್ಲ.

"ತಿರುಗಾಮುರುಗಾ ಐತೆ," ಎಂದಳು. "ಯಾವ್ದಿದು?"

"ಕರಡೀದು."

ಕೈ ತೆಗೆಯಲಿಲ್ಲ. ಹಾಗೆಯೇ ಮೂಳೆಗಳನ್ನು ನೋಡುತ್ತಾ ಕೂತಳು.

"ಮೊದಲ್ನೇ ದಿನಾನೇ ಗೊತ್ತಿತ್ತಾ ನಿಮ್ಗೆ?"

ಸುಳ್ಳು ಹೇಳಬಹುದಿತ್ತು. "ಅನುಮಾನ ಇತ್ತಮ್ಮ. ಗ್ಯಾರಂಟಿ ಮಾಡ್ಕಂಡು ಹೇಳಣ ಅಂತ..."

"ಅನುಮಾನ ಐತೆ ಅಂತ ಹೇಳಿದ್ರೂ ಆಗಿತ್ತು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದ್ ಮಾತು. ನಾನು ತಡೀತಿದ್ದೆ. ತಾಳಿಗೆ ಕೈ ಹಾಕಿದಾಗ, ಡಾಕ್ಟ್ರಮ್ಮ ಇನ್ನಾ ಹೇಳಿಲ್ಲ ಅಂತಿದ್ದೆ."

ನಾನು ಬಟ್ಟೆಯ ಅಂಚನ್ನು ಸರಿಮಾಡಿದೆ.

ಅವಳೇ ಮತ್ತೆ ಹೇಳಿದಳು. "ಈಗೇನ್ ಮಾಡ್ತೀರಿ? ಅವ್ರದೇ ಅಂತ ಬರ್ದುಬಿಡಿ. ಯಾರಿಗೇನ್ ನಷ್ಟ? ಕರಡಿಗಾ?"

"ಹಂಗೆ ಬರೆದ್ರೆ ಕೇಸ್ ಮುಚ್ತಾರಮ್ಮ. ಇನ್ಯಾರೂ ಅವ್ರನ್ನ ಹುಡುಕಲ್ಲ."

"ಈಗ ಯಾರ್ ಹುಡುಕ್ತಾವ್ರೆ?"

ಆದರೂ ಆಗುವುದಿಲ್ಲ ಎಂದೆ. ಇನ್ನೊಬ್ಬರ ಮಗನೆಂದು ಕರಡಿಯ ಕಾಲನ್ನು ಕೊಟ್ಟು ಕಳಿಸುವುದು ನನ್ನಿಂದಾಗದು ಎಂದೆ. ಹೇಳುವಾಗ ಅದು ನ್ಯಾಯದ ಮಾತಿನಂತೆ ಕೇಳಿಸಿತು. ಒಂಬತ್ತು ದಿನದ ಹಿಂದೆ ಹೇಳಿದ್ದರೆ ನ್ಯಾಯವೇ ಆಗುತ್ತಿತ್ತು.

ಅವಳು ಎದ್ದು ಹೊರಗೆ ಹೋಗಿ ತಾನೇ ಅತ್ತೆಗೆ ಹೇಳಿದಳು. ಮುದುಕಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದೊಡನೆ ಆ ಬಿಳಿ ಬಟ್ಟೆಯನ್ನು ನೆಲಕ್ಕೆಸೆದು ಎದ್ದಳು.

"ಹಂಗಾರೆ ನನ್ ಮಗ ಅವ್ನೆ! ಬದ್ಕಿರೋನ ತಾಳಿ ಕಿತ್ತಾಕಿದ್ಯಲ್ಲೇ! ಅವ್ನದೇ ಕೈ ಅಂತ ಯಾರ್ ಹೇಳಿದ್ದು? ನೀನಲ್ವಾ? ಬೆರಳು ತೋರ್ಸಿ ಹೇಳ್ದೋಳು ನೀನಲ್ವಾ?"

ಬೇವಿನ ಮರದ ಕೆಳಗಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು. ನಾನು ಮಧ್ಯೆ ಹೋಗಿ, ತಪ್ಪು ಅವಳದಲ್ಲ, ನಾನು ಮೊದಲೇ ಹೇಳಬೇಕಿತ್ತು ಎಂದೆ. ಮುದುಕಿ ನನ್ನ ಕಡೆ ನೋಡಲೂ ಇಲ್ಲ. ವಾಪಸು ಹೋಗುವಾಗ ಆಟೋದಲ್ಲಿ ಸೊಸೆಯನ್ನು ಹತ್ತಿಸಿಕೊಳ್ಳಲಿಲ್ಲ. ಅವಳು ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನ ಕಡೆಗಲ್ಲ, ಶೆಡ್ಡಿನ ಕಡೆಗೆ ನಡೆದುಹೋದಳು.

ವರದಿ ಬರೆದೆ. ಮನುಷ್ಯನದಲ್ಲ, ಕರಡಿಯ ಎಡ ಮುಂಗಾಲು, ತುದಿಯ ಗೆಣ್ಣುಗಳು ಆಯುಧದಿಂದ ಕತ್ತರಿಸಿದಂತಿವೆ. ಅರಣ್ಯ ಇಲಾಖೆಯವರು ಬಂದು ಇಪ್ಪತ್ತು ಮೂಳೆಗಳನ್ನು ಎಣಿಸಿ, ಸೀಲು ಮಾಡಿ, ಸಹಿ ಪಡೆದು ಒಯ್ದರು. ಕರಡಿ ಕೊಂದವರು ಸಿಕ್ಕರೋ ಇಲ್ಲವೋ ನನಗೆ ತಿಳಿಯಲಿಲ್ಲ. ನನ್ನ ಮಾತಿಗೆ ಪೊಲೀಸರು ಇನ್ನೊಂದು ದಿನ ಗುಡ್ಡ ಹತ್ತಿ ಬಂದರು. ಒಂದು ಪ್ಲಾಸ್ಟಿಕ್ ಬಾಟಲಿ ಸಿಕ್ಕಿತಂತೆ. ಅದು ಯಾರದ್ದಾದರೂ ಇರಬಹುದಿತ್ತು.

ಒಂದು ಭಾನುವಾರ ರೊಳ್ಳದ ಕಡೆ ಹೋಗಿ ಆ ಮುದುಕಿಯ ಜೊತೆ ಮಾತಾಡಲು ನೋಡಿದೆ. ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ಕೂರು ಎನ್ನಲಿಲ್ಲ. "ಡಾಕ್ಟ್ರು ಅಂದ್ರೆ ನೋಡಿದ್ ತಕ್ಷಣ ಹೇಳ್ಬೇಕು," ಎಂದಷ್ಟೇ ಹೇಳಿ ಸೊಪ್ಪು ಎತ್ತಿಕೊಂಡು ಒಳಗೆ ಹೋದಳು. ಸೊಸೆಯನ್ನು ಆ ಮನೆಗೆ ಮತ್ತೆ ಸೇರಿಸಲಿಲ್ಲ. ತಾಳಿ ಮತ್ತೆ ಕಟ್ಟಿಕೊಳ್ಳಬಹುದೇ ಎಂದು ಅವಳು ಊರಿನ ಪೂಜಾರಿಯನ್ನು ಕೇಳಿದಳಂತೆ. ಕಟ್ಟಬೇಕಾದವನು ಬರಲಿ ಎಂದರಂತೆ. ಇದನ್ನು ನನಗೆ ಹೇಳಿದ್ದು ಹೆಡ್ ಕಾನ್‌ಸ್ಟೇಬಲ್.

ಅದಾಗಿ ನಾಲ್ಕೈದು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವಳು ಆಸ್ಪತ್ರೆಗೆ ಬಂದಳು. ಹೊಲಿಗೆ ಮಿಷಿನ್ನಿನ ಸೂಜಿ ತೋರುಬೆರಳಿನೊಳಗೆ ಮುರಿದುಕೊಂಡಿತ್ತು. ಎಕ್ಸ್‌ರೇಯಲ್ಲಿ ಸೂಜಿಯ ತುಂಡು ತುದಿಗೆಣ್ಣಿನ ಮೂಳೆಗೆ ತಾಗಿ ಓರೆಯಾಗಿ ನಿಂತದ್ದು ಕಂಡಿತು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಚಿಕ್ಕದಾಗಿ ಸೀಳಿ ತೆಗೆದೆ. ಅವಳು ಒಂದು ಸಲವೂ ಕೈ ಎಳೆದುಕೊಳ್ಳಲಿಲ್ಲ, ಹಳೆಯ ವಿಷಯವೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಪಟ್ಟಿ ಕಟ್ಟುತ್ತಿದ್ದಾಗ ಹೊಸದಾಗಿ ಬಂದಿದ್ದ ಸಿಸ್ಟರ್ ಕೇಸ್‌ಶೀಟ್ ತುಂಬುತ್ತಾ ಹೆಸರು, ಊರು, ಗಂಡನ ಹೆಸರು ಕೇಳಿದರು. ಅವಳು ಹೇಳಿದಳು. ಸಿಸ್ಟರ್ ಅವಳ ಬರಿ ಹಣೆಯನ್ನು ನೋಡಿ ಪೆನ್ನು ತಡೆದರು.

"ಇದ್ದಾರೇನಮ್ಮ, ತೀರ್ಕೊಂಡಾರಾ?"

ಅವಳು ತಲೆ ಎತ್ತಿ ನನ್ನ ಕಡೆ ನೋಡಿದಳು.

"ಅವ್ರನ್ನೇ ಕೇಳಿ," ಎಂದಳು.

ಸಿಸ್ಟರ್ ನನ್ನ ಉತ್ತರಕ್ಕೆ ಕಾದು ನಿಂತರು. ಆ ಜಾಗ ಖಾಲಿ ಬಿಡಿ ಎಂದೆ.